ಸೆನ್ಸರಿಗೆ ಅರಿಶಿನ ಕುಂಕುಮ

೧೮-೧೧-೨೦೨೫, ಮಂಗಳವಾರ. ಗುಬ್ಬಿ.

ಬೆಪ್ಪುತನಕ್ಕೂ ಒಂದು ಮಿತಿ ಬೇಡವೇ? ಚೇಳೂರಿನಾಚೆಯ ಹಳ್ಳಿಯ ವಾಟರ್‌ಮ್ಯಾನ್ ದ್ಯಾವಪ್ಪ, ಆಯುಧ ಪೂಜೆಯ ದಿನ ಪಂಪಿನ ಜೊತೆಗೆ ನೀರಿನ ಕ್ಲೋರಿನ್ ಅಳೆಯುವ ಸೆನ್ಸರನ್ನೂ ಹೊರಗೆ ತೆಗೆದು, ಅದರ ತುದಿಗೆ ಅರಿಶಿನ ಕುಂಕುಮ ಮೆತ್ತಿ, ಕೈಮುಗಿದು ಮತ್ತೆ ನೀರಿಗೆ ಬಿಟ್ಟಿದ್ದಾನೆ. ಆ ತುದಿಯಲ್ಲಿರುವುದು ಈರುಳ್ಳಿ ಪೊರೆಯಂಥ ಪದರ. ಅದು ಮುಚ್ಚಿಹೋಗಿ, ಒಂದೂವರೆ ತಿಂಗಳಿಂದ ಮೀಟರು ಕ್ಲೋರಿನ್ ಕಮ್ಮಿ ಎಂದೇ ತೋರಿಸುತ್ತಿತ್ತು.

“ಕಮ್ಮಿ ಅಂತ ತೋರಿಸ್ತಲ್ಲ ಸಾ, ಅದ್ಕೇ ದಿನಾ ಬ್ಲೀಚಿಂಗ್ ಪೌಡ್ರು ಜಾಸ್ತಿ ಹಾಕ್ತಿದ್ದೆ,” ಅಂದ, ಮೀಟರು ನೋಡಲು ಹೋಗಿದ್ದ ನನ್ನೆದುರು ಹಲ್ಲು ಕಿಸಿದು.

ಬಿಂದಿಗೆ ಹಿಡಿದು ಬಂದ ವನಜಮ್ಮ ಸುಮ್ಮನಿರಲಿಲ್ಲ. “ಬಾಯಿಗಿಟ್ರೆ ಆಸ್ಪತ್ರೆ ವಾಸ್ನೆ ಹೊಡೀತದೆ. ಮಕ್ಳು ಗಂಟ್ಲು ಉರಿ ಅಂತವೆ. ನಿಮ್ ಮೀಟ್ರಿಗೆ ಮೂಗಿಲ್ವಾ ಸಾಮಿ?”

“ನಿಮ್ ಮೂಗಿಗಿಂತ ಚೆನ್ನಾಗ್ ಗೊತ್ತಾಗ್ತದೆ ಕಣಮ್ಮ, ಇಂಥ ದಡ್ಡರ ಕೈಗೆ ಸಿಗದಿದ್ರೆ,” ಎಂದೆ. ದ್ಯಾವಪ್ಪ ತಲೆ ತಗ್ಗಿಸಿದ. ನನಗೆ ಖುಷಿಯಾಯಿತು.

ಸೆನ್ಸರನ್ನು ತೊಳೆದು, ಪೊರೆ ಬದಲಿಸಿ, ಅಳತೆ ಸರಿಹೊಂದುವಂತೆ ಕ್ಯಾಲಿಬ್ರೇಟ್ ಮಾಡಿದೆ. ಲೀಟರಿಗೆ ಅರ್ಧ ಮಿಲಿಗ್ರಾಂ ಇರಬೇಕಾದ ಕ್ಲೋರಿನ್ ಅಂಕಿ ಮೂರೂವರೆಗೆ ಹೋಗಿ ನಿಂತಿತು. ಇದನ್ನು ಕುಡಿದಿದ್ದಾರೆ, ಒಂದೂವರೆ ತಿಂಗಳು.

ಅವನ ಘನಕಾರ್ಯವನ್ನು ವಿವರವಾಗಿ ದಾಖಲಿಸೋಣವೆಂದು ಬ್ಯಾಗಿನಿಂದ ನನ್ನ ತಿಂಗಳ ತಪಾಸಣೆಯ ಲಾಗ್ ಬುಕ್ ತೆಗೆದೆ. ಹಿಂದಿನ ಸಾಲು: ೧೪-೧೦-೨೦೨೫, ‘ಸೆನ್ಸರ್ ಸ್ವಚ್ಛಗೊಳಿಸಲಾಗಿದೆ, ಸರಿಯಿದೆ.’ ಪಕ್ಕದಲ್ಲಿ ನನ್ನ ಸಹಿ. ಅಂದು ಚೇಳೂರು ಬಸ್ಸಿನಲ್ಲಿ ಸೀಟಿಲ್ಲವೆಂದು ಗುಬ್ಬಿಯ ಹೋಟೆಲಿನಲ್ಲೇ ಕೂತು, ಕಾಫಿ ಕುಡಿಯುತ್ತ ಬರೆದದ್ದು.

ಆ ಬೆಪ್ಪುತಕ್ಕಡಿ ಪೂಜೆಗೆಂದಾದರೂ ಸೆನ್ಸರನ್ನು ಕೈಯಲ್ಲಿ ಹಿಡಿದಿದ್ದ.