ಅಕ್ಕ ಓದಿದ್ದಾಳಂತೆ

ಮಾರ್ಚ್ 3, ಸೋಮವಾರ

ಇವತ್ತೂ ಗಂಟೆಯದೇ ಗೋಳು. ನಮ್ಮ ಸಾಫ್ಟ್‌ವೇರ್‌ನ ಮೂಲೆಯಲ್ಲಿರುವ ಪುಟ್ಟ ಗಂಟೆ, ಅದರ ತಲೆ ಮೇಲೆ ಕೆಂಪು ಚುಕ್ಕಿ. ಗೋದಾಮು, ಕಾರ್ಖಾನೆಗಳಲ್ಲಿ ಕೂತು ಬಳಸುವವರ ದೂರು ಒಂದೇ — ಚುಕ್ಕಿ ಹೋಗುವುದೇ ಇಲ್ಲ. ಒಂದೊಂದು ನೋಟಿಫಿಕೇಶನ್ನನ್ನೂ ಒತ್ತಿ ತೆರೆಯಬೇಕು. ಗಂಟೆ ಒತ್ತಿ ಪಟ್ಟಿ ತೆರೆದರೆ ಸಾಕು, ಎಲ್ಲವೂ ಒಟ್ಟಿಗೆ 'ಓದಲಾಗಿದೆ' ಆಗಿಬಿಡಲಿ ಎಂದೆ. ಡಿಸೈನೂ ಪರದೆಯ ಮೇಲಿನ ಮಾತುಗಳೂ ನನ್ನ ಪಾಲಿನ ಕೆಲಸ. ಕೋಡ್ ಬರೆಯುವವನು, ನಾವೆಲ್ಲ ಗಡ್ಡ ಅಂತ ಕರೆಯುವವನು, ಒಪ್ಪಲಿಲ್ಲ. ತೆರೆದವರು ಕೆಳಗಿನವರೆಗೂ ನೋಡಿರ್ತಾರೆ ಅಂತ ಏನು ಗ್ಯಾರಂಟಿ ಎಂದ.

ಆಗ ಅಕ್ಕನ ಮಾತು ತೆಗೆದೆ. ಔಷಧಿ ಗೋದಾಮಿನಲ್ಲಿ ಸೂಪರ್‌ವೈಸರ್ ಅವಳು, ಬಳಸುವುದು ನಮ್ಮದೇ ಸಾಫ್ಟ್‌ವೇರ್. "ಆ ಚುಕ್ಕಿ ನೋಡಿದ್ರೆ ಯಾರೋ ಬೆನ್ನ ಹಿಂದೆ ನಿಂತು ಕೆಮ್ಮಿದ ಹಾಗಾಗುತ್ತೆ ಕಣೇ" ಅಂದಿದ್ದಳು ಒಮ್ಮೆ, ಊಟ ಮಾಡುತ್ತಾ. ಮೀಟಿಂಗ್‌ನಲ್ಲಿ ನಾನು 'ನನ್ನ ಅಕ್ಕ' ಅನ್ನಲಿಲ್ಲ, 'ಒಬ್ಬ ಬಳಕೆದಾರರು' ಎಂದೆ — ತೂಕ ಬರಲಿ ಅಂತ. ಎಲ್ಲರೂ ನಕ್ಕರು. ನಮ್ಮ ಹೆಡ್‌ಗೆ ನಾವಿಟ್ಟ ಹೆಸರು ನಗುಮೊಗ. ಅವನಂತೂ ಆ ಕೆಮ್ಮಿನ ಮಾತನ್ನು ಸ್ಲೈಡ್‌ಗೆ ಹಾಕಿಸಿದ. ನನ್ನ ಮಾತೇ ಗೆದ್ದಿತು. ಖುಷಿಯಾಯಿತು, ಸುಳ್ಳೇಕೆ.

ಮಾರ್ಚ್ 19

ರಿಲೀಸ್ ಆಯಿತು. ದೂರುಗಳು ಇಳಿದಿವೆ. ನಗುಮೊಗ ಎಲ್ಲರ ಮುಂದೆ ಚಪ್ಪಾಳೆ ಹೊಡೆಸಿದ. ಸಂಜೆ ಅಕ್ಕನ ಫೋನ್ — ಗಂಟೆ ಈಗ ಮರ್ಯಾದೆ ಕಲಿತಿದೆಯಂತೆ. ನನ್ನ ತಂಗಿ ಮಾಡಿದ್ದು ಅಂತ ಗೋದಾಮಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಸಾಕು ಸುಮ್ನಿರು ಎಂದೆ. ಒಳಗೊಳಗೇ ಬೇಕಾಗಿತ್ತು.

ಏಪ್ರಿಲ್ 2

ಬೆಳಿಗ್ಗೆ ಅಕ್ಕನ ಫೋನ್. ದನಿಯ ಗುರುತೇ ಸಿಗಲಿಲ್ಲ. ಕಳೆದ ವಾರ ಗೋದಾಮಿನ ಕೋಲ್ಡ್ ರೂಮ್ ಕೆಟ್ಟು ಒಳಗಿದ್ದ ಇನ್ಸುಲಿನ್ ಅಷ್ಟೂ ಹಾಳು. ಒಳಗೆ ಬಿಸಿ ಏರುತ್ತಿದೆ ಎಂಬ ಅಲರ್ಟ್ ಅವಳಿಗೆ ಮೊದಲೇ ಹೋಗಿತ್ತು. ಮುಂದಿನ ವಾರ ವಿಚಾರಣೆ. ಕೆಲಸ ಉಳಿಯುವುದು ಅನುಮಾನ. ಏಕೆಂದರೆ ಆ ಅಲರ್ಟ್ ಎದುರು, ಅವಳ ಹೆಸರಿನ ಮುಂದೆ — ಓದಲಾಗಿದೆ.

"ಓದಿದೀನಂತೆ ಪುಟ್ಟಿ. ನಂಗೆ ಚೂರೂ ನೆನಪಿಲ್ಲ."

ಆ ಕ್ಷಣಕ್ಕೇ ಎಲ್ಲ ಗೊತ್ತಾಯಿತು ನನಗೆ. ಬಾಯಲ್ಲಿ ಬಂದದ್ದು ಮಾತ್ರ ಬೇರೆ. "ಕೆಲಸ ಜಾಸ್ತಿ ಅಲ್ವಾ ಅಕ್ಕ, ಮರೆತಿರ್ತೀಯ."

ಮರೆತಿರ್ತೀಯ... ನಾನೇ ಅಂದದ್ದು.

ಏಪ್ರಿಲ್ 3

ಆ ದಿನ ಅಕ್ಕನ ಪರದೆ ಮೇಲೆ ಏನಿತ್ತು ಅಂತ ಗಡ್ಡನಿಂದ ತೆಗೆಸಿದೆ. ಯಾರದೋ ಹುಟ್ಟುಹಬ್ಬ. ಯಾರಿಗೋ ರಜೆ ಮಂಜೂರು. ಕ್ಯಾಂಟೀನ್ ಬೇಗ ಮುಚ್ಚುತ್ತದೆ. ಪಾರ್ಕಿಂಗ್‌ಗೆ ಬಣ್ಣ ಹೊಡೆಯುತ್ತಾರೆ. ಕೋಲ್ಡ್ ರೂಮ್ ಅಲರ್ಟ್ ಇದ್ದದ್ದು ಇನ್ನೂ ಕೆಳಗೆ, ಸರಿಸಿದರೆ ಮಾತ್ರ ಕಾಣುವ ಕಡೆ. ತೆರೆದಳು, ಮೇಲಿನ ಕಸ ನೋಡಿದಳು, ಮುಚ್ಚಿದಳು. ಎಲ್ಲ ಓದಲಾಗಿದೆ. ಚುಕ್ಕಿಯೂ ಹೋಯಿತು. ಕೆಮ್ಮಿ ಕರೆಯಲು ಬೆನ್ನ ಹಿಂದೆ ಯಾರೂ ಉಳಿಯಲಿಲ್ಲ.

ಆಗಲೇ ಹೇಳಿದ್ದೆ ಅಂತ ಗಡ್ಡ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಏಪ್ರಿಲ್ 4

ನಗುಮೊಗನಿಗೆ ಹೇಳಿದೆ. ಓದಲಾಗಿದೆ ಅಂದರೆ ಪಟ್ಟಿ ತೆರೆದಿದ್ದಾರೆ ಅಂತಷ್ಟೇ — ಹಾಗಂತ ಗೋದಾಮಿಗೆ ಒಂದು ಪತ್ರ ಹಾಕೋಣ ಎಂದೆ. ಬಾಗಿಲು ಮುಂದೆ ಮಾಡಲು ಹೇಳಿದ. ಒಬ್ಬರಿಗೆ ಹಾಗೆ ಬರೆದರೆ ನಾಳೆ ಎಲ್ಲ ಗಿರಾಕಿಗಳೂ ತಮ್ಮ ದಾಖಲೆ ಹಿಡಿದು ಬರುತ್ತಾರಂತೆ. "ಅದು ಅವರ ಮನೆ ವಿಷಯ. ನೀನ್ಯಾಕೆ ತಲೆ ಕೊಡ್ತೀಯ? ಡಿಸೈನ್ ಮೇಲೆ ಇರೋ ಹೆಸರು ನಿಂದೇ, ನೆನಪಿರ್ಲಿ." ನಗುತ್ತಲೇ ಹೇಳಿದ.

ಅವಳು ನನ್ನ ಅಕ್ಕ ಅನ್ನಲು ನಾಲಿಗೆ ಏಳಲಿಲ್ಲ. ಗೋಣಾಡಿಸಿ ಬಂದೆ.

ಏಪ್ರಿಲ್ 6, ಭಾನುವಾರ

ಅಕ್ಕನ ಮನೆ. ಗ್ಯಾಸ್ ಆರಿಸಿದೆನಾ ಅಂತ ಎದ್ದೆದ್ದು ನೋಡುತ್ತಾಳೆ. ಚಿಲಕ ಹಾಕಿ ಮತ್ತೆ ಎಳೆದು ನೋಡುತ್ತಾಳೆ. ನೆಂಟರಿಷ್ಟರ ಫೋನ್ ನಂಬರೆಲ್ಲ ಬಾಯಿಪಾಠ ಇದ್ದವಳು. ಮೊದಮೊದಲು ರೇಗಿಸುತ್ತಿದ್ದ ಭಾವ ಈಗ ರೇಗಿಸುವುದಿಲ್ಲ. ಮರೆವಿಗೆ ಡಾಕ್ಟರ ಹತ್ತಿರ ತೋರಿಸಬೇಕು ಅಂತ ನನ್ನ ಕಿವಿಯಲ್ಲಿ ಹೇಳಿದರು.

ಅಕ್ಕ ತಪ್ಪೊಪ್ಪಿಗೆ ಬರೆದಿಟ್ಟಿದ್ದಳು. "ಸುಳ್ಳು ಹೇಳೋಕೆ ಕಂಪ್ಯೂಟರ್‌ಗೇನು ನನ್ನ ಮೇಲೆ ಹಗೆಯಾ? ನೀನು ಚೆನ್ನಾಗಿ ಬರೀತೀಯ, ಒಂಚೂರು ತಿದ್ದಿಕೊಡೇ."

ತಿದ್ದಿಕೊಟ್ಟೆ. 'ಅಲರ್ಟನ್ನು ನಾನು ಬಹುಶಃ ಓದಿರಬೇಕು' ಎಂದಿತ್ತು. 'ಓದಿದ್ದೆ' ಮಾಡಿದೆ. ಬಹುಶಃ ಹೊಡೆದು ಹಾಕಿದೆ, ವಾಕ್ಯ ಗಟ್ಟಿಯಾಗಲಿ ಅಂತ... ಕಸುಬಿನ ಚಾಳಿ. ಅವಳಲ್ಲಿ ಉಳಿದಿದ್ದ ಒಂದೇ ಒಂದು ಅನುಮಾನ ಅದು, ಅದನ್ನೂ ನನ್ನ ಕೈಯಾರೆ ಅಳಿಸಿದೆ. ಆಮೇಲೆ ಅವಳು ಊಟಕ್ಕೆ ಎಬ್ಬಿಸಿದಳು. ಉಂಡೆ. ಇನ್ನೊಂದು ಸಲ ಬಡಿಸಿಕೊಂಡೆ ಕೂಡ. ಥೂ.

ಏಪ್ರಿಲ್ 8

ಬರೆಯಲು ಮುಖವಿಲ್ಲ.

ಏಪ್ರಿಲ್ 9, ಬೆಳಿಗ್ಗೆ

ಗೋದಾಮಿನ ಆಫೀಸು, ವರಾಂಡದ ಬೆಂಚು. ಅಕ್ಕ ಒಳಗಿನ ಕೋಣೆಯಲ್ಲಿ, ವಿಚಾರಣೆಗೆ ಕರೆಯುವುದನ್ನೇ ಕಾಯುತ್ತಿದ್ದಾಳೆ. ನಾನು ಬಂದಿರುವುದು ಗೊತ್ತಿಲ್ಲ.

ನಿನ್ನೆ ಹೊರಡುವಾಗ ಗಡ್ಡ ಅಕ್ಕನ ಪರದೆಯ ಪ್ರಿಂಟ್ ನನ್ನ ಮೇಜಿನ ಮೇಲಿಟ್ಟು ಹೋದ. ನಾನು ಕೇಳಿರಲಿಲ್ಲ. ಅದರ ಫೋಟೋ ಈಗಷ್ಟೇ ಅಕ್ಕನ ಫೋನಿಗೆ ಕಳಿಸಿದೆ. ಕೆಳಗೆ ಉದ್ದಕ್ಕೆ ಬರೆದೆ — ನೀನು ಅದನ್ನು ಓದಿಲ್ಲ ಅಕ್ಕ, ನಿನಗೆ ಯಾವ ಮರೆವೂ ಇಲ್ಲ, ಗಂಟೆಯನ್ನು ಹಾಗೆ ಮಾಡಿದ್ದು ನಾನು, ಆ ಕಾಗದ ಕೊಡಬೇಡ. ಗೋಡೆಯಾಚೆ ಕೂತವಳಿಗೆ ಮೆಸೇಜು. ಎದುರು ನಿಂತು ಹೇಳುವ ಧೈರ್ಯ ಎಲ್ಲಿದೆ ನನಗೆ.

ಮೆಸೇಜಿನ ಪಕ್ಕ, ತೆರೆದ ಗುರುತಿಗೆ, ಎರಡು ನೀಲಿ ಗೀಟು ಬಂದವು. ಸದ್ಯ, ಓದಿದಳು ಅಂತ ಉಸಿರುಬಿಟ್ಟೆ. ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಡಲು ಎದ್ದೂ ಎದ್ದೆ.

ಎದ್ದವಳಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಗೀಟು ನೋಡಿ ನಂಬುತ್ತಿದ್ದೇನೆ. ನಾನು, ಎಲ್ಲ ಬಿಟ್ಟು ನಾನು. ಮತ್ತೆ ಕೂತು ಇದನ್ನು ಗೀಚುತ್ತಿದ್ದೇನೆ.

ಒಳಗೆ ಅವಳ ಹೆಸರು ಕೂಗಿದರು. ಕುರ್ಚಿ ಸರಿದ ಸದ್ದು. ಹೋಗಬೇಕು. ಅವಳ ಮುಂದೆ, ಅವರೆಲ್ಲರ ಮುಂದೆ, ಬಾಯಿಬಿಟ್ಟು —