ಎದುರು ಮನೆಯ ಕ್ಯಾಮೆರಾ

ಮಾರ್ಚ್ 3. ಬೆಳಿಗ್ಗೆ 11
ಎರಡು ಪ್ಯಾಂಟಿನ ಅಂಚು ಹೊಲಿದೆ. ಒಂದು ಜಿಪ್ ಬದಲಾಯಿಸಿದೆ. ಎದುರು ಮನೆ ನರ್ಸ್ ಸೂಟ್‌ಕೇಸ್ ಹಿಡಿದು ಹೊರಟಳು. ಊರಲ್ಲಿ ಅವಳ ಅಮ್ಮನಿಗೆ ಆಪರೇಷನ್ ಆಗಿದೆ, ಒಂದು ತಿಂಗಳು ಬರುವುದಿಲ್ಲವಂತೆ. ಮೊದಲಾದರೆ ಬೀಗದ ಕೈ ನನಗೆ ಕೊಟ್ಟು, "ಸಂಜೆ ಲೈಟ್ ಹಾಕ್ಬಿಡಿ ಟೈಲರಕ್ಕಾ" ಅನ್ನುತ್ತಿದ್ದಳು. ಈ ಸಲ ಕೈ ಬೀಸಿದಳು, ಅಷ್ಟೇ. ಬಾಗಿಲ ಮೇಲೆ ಕ್ಯಾಮೆರಾ ಇದೆಯಲ್ಲ.

ದೂರುವ ಹಾಗಿಲ್ಲ. ಹೋದ ವರ್ಷ ಈ ಬೀದಿಯಲ್ಲಿ ಮೂರು ಮನೆ ಕಳವಾದವು. ಒಂದಂತೂ ನಾನು ಇದೇ ಕಿಟಕಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾಗ! ಎಲ್ಲರೂ ಕ್ಯಾಮೆರಾ ಹಾಕಿಸಿದ ಮೇಲೆ ಒಂದೂ ಇಲ್ಲ.

ಮಾರ್ಚ್ 7. ಮಧ್ಯಾಹ್ನ 3
ನರ್ಸ್ ಮನೆ ಗೇಟು ದಾಟಿ ಯಾರೋ ಒಬ್ಬ ಬೀಗ ಎಳೆದು ನೋಡಿದ. ನಾನು ಏಳುವಷ್ಟರಲ್ಲಿ ಕ್ಯಾಮೆರಾದಿಂದಲೇ ಅವಳ ದನಿ — "ಯಾರ್ರೀ ಅದು? ಪೊಲೀಸ್‌ಗೆ ಫೋನ್ ಮಾಡ್ತಿದೀನಿ!" ಅಷ್ಟು ದೂರದಿಂದ ಮೊಬೈಲಿನಲ್ಲೇ ಗದರಿಸಿದ್ದಾಳೆ. ಅವನು ಕಾಲಿಗೆ ಬುದ್ಧಿ ಹೇಳಿದ. ಗಟ್ಟಿಗಿತ್ತಿ ಬಿಡು.

ನಾಲ್ಕು ದಿನದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು. ಅದೂ ಕಳ್ಳನಿಗೆ ಹೇಳಿದ್ದು.

ಮಾರ್ಚ್ 9
ನರ್ಸ್ ಮನೆ ಮೆಟ್ಟಿಲ ಮೇಲೆ ಪೇಪರ್ ಬಿದ್ದಿತ್ತು. ಎತ್ತಿಡೋಣ ಅಂತ ಹೋದೆ. ಕ್ಯಾಮೆರಾದಿಂದ ಅವಳ ದನಿ —
"ಯಾರು?... ಅಯ್ಯೋ ಟೈಲರಕ್ಕಾ, ನೀವಾ!"
ಆರು ನಿಮಿಷ ಮಾತಾಡಿದೆವು. ಅಮ್ಮ ಎದ್ದು ಕೂತರಂತೆ. "ನಿಮ್ಮ ಮಂಡಿ ನೋವು ಹೇಗಿದೆ?" ಎಂದಳು. ಅದನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ಮನೆಗೆ ಬಂದು ಅತ್ತುಬಿಟ್ಟೆ.

ಮಾರ್ಚ್ 10
ಮತ್ತೆ ಹೋದೆ. ಒಣ ಎಲೆ ಗುಡಿಸುವ ನೆಪ. ಎರಡು ನಿಮಿಷ ಮಾತು. ಫೋನ್ ಮಾಡಬಹುದಿತ್ತು... ಏನಂತ ಮಾಡಲಿ?

ಮಾರ್ಚ್ 11
ನೆಪ ಸಿಗಲಿಲ್ಲ. ಆದರೂ ಹೋದೆ.

ಮಾರ್ಚ್ 12
ನರ್ಸ್ ದನಿಯಲ್ಲಿ ಸುಸ್ತು. "ಅಕ್ಕಾ, ನೀವು ಬಂದಾಗೆಲ್ಲ ನನ್ನ ಫೋನು ಕಿರುಚುತ್ತೆ, ಅಮ್ಮ ಬೆಚ್ಚಿಬೀಳ್ತಾರೆ. ನಿಮ್ಮ ಮುಖ ಕ್ಯಾಮೆರಾದಲ್ಲಿ ಸೇವ್ ಮಾಡಿದೀನಿ, ಅದು ಗುರುತು ಹಿಡಿಯುತ್ತೆ. ಇನ್ಮೇಲೆ ನೀವು ಬಂದ್ರೆ ಸದ್ದು ಮಾಡಲ್ಲ. ಆರಾಮಾಗಿ ಬನ್ನಿ, ನೀವು ನಮ್ಮನೆಯವರ ಹಾಗೇ ಅಲ್ವಾ?"
"ಒಳ್ಳೇದಾಯ್ತು ಬಿಡಮ್ಮಾ" ಅಂದೆ. ನಗುತ್ತಲೇ ಅಂದೆ.

ಮಾರ್ಚ್ 19. ಸಂಜೆ 4
ಒಂದು ವಾರ ತಡೆದುಕೊಂಡೆ. ಇವತ್ತು ಹೋಗಿ ಕ್ಯಾಮೆರಾ ಎದುರಿಗೇ ನಿಂತೆ. ಕೆಮ್ಮಿದೆ. "ನಾನು ಬಂದಿದೀನಿ ಕಣೇ" ಅಂತಲೂ ಅಂದೆ. ಉತ್ತರವಿಲ್ಲ. ಕಳ್ಳನಿಗಿರುವ ಯೋಗವೂ ನನಗಿಲ್ಲ.

ನಾಳೆ ದಪ್ಪ ಶಾಲು ಹೊದ್ದು, ಮುಖ ಮುಚ್ಚಿಕೊಂಡು, ಕಣ್ಣು ಮಾತ್ರ ಕಾಣುವ ಹಾಗೆ —