ಅಣ್ಣಿಗೇರಿ ಎಂದು ಒಪ್ಪಿಕೊಂಡ ಪುಸ್ತಕ

ಹೊಂದಿಕೆ ಮನೆ, ಹಳೆಯ ಕೊಪ್ಪಳದ ಬಂಡೆಗಳ ಕೆಳಗೆ
ಹದಿಮೂರನೇ ತಿಂಗಳ ಮೂವತ್ತೆಂಟನೇ ತಾರೀಕು, ೨೪೩೧

ಮಾನ್ಯ ಡೊರೀನ್ ರೊಜಾರಿಯೊ ಅವರಿಗೆ,

ತಾರೀಕು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಹರಿದುಹಾಕಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ನಿಮ್ಮ ಹನ್ನೆರಡು ತಿಂಗಳುಗಳಿಂದ ಮೂರೋ ನಾಲ್ಕೋ ದಿನ ಕಿತ್ತು, ಅವನ್ನೆಲ್ಲ ಬೇಸಿಗೆಯ ತುದಿಯಲ್ಲಿ ಗುಡ್ಡೆ ಹಾಕಿ ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ಅದನ್ನು ಕದ ಹಾಕಿದ ತಿಂಗಳು ಎನ್ನುತ್ತೇವೆ, ಏಕೆಂದರೆ ಆ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿದರೆ ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಭಾಷೆಯನ್ನು ನಾನು ಅಚ್ಚಾದ ಪುಸ್ತಕಗಳಿಂದ ಕಲಿತೆ, ಮಾತಾಡುವವರ ಬಾಯಿಂದ ಕೇಳಲಿಲ್ಲ. ಕರೆಂಟ್ ಹೋಯಿತು ಎಂಬ ಎರಡು ಪದ ಅರ್ಥವಾಗಲು ನನಗೆ ಒಂದು ವಾರ ಹಿಡಿಯಿತು. ನಮಗೆ ಬೆಳಕು ಬರುವುದು ಬೆಳಕುಗೊಳವೆಯಿಂದ, ಅಂದರೆ ಬಂಡೆಯ ನೆತ್ತಿಯಿಂದ ಕೆಳಗಿನವರೆಗೆ ಒಳಗೆಲ್ಲ ಕನ್ನಡಿ ಹಚ್ಚಿ ಇಳಿಸಿದ ಕೊಳವೆಯಿಂದ. ಸೂರ್ಯ ಮುಳುಗಿದರೆ ಕತ್ತಲೆ, ಅದಕ್ಕೆ ಯಾರೂ ಬೈಯುವುದಿಲ್ಲ.

ನಾನು ಬರೆಯುತ್ತಿರುವುದು ಒಂದೇ ಕಾರಣಕ್ಕೆ. ನಿಮ್ಮ ಹಳೆಯ ಬ್ಯಾಂಡಿನ ಹಾಡುಗಾರ ಚಿದಂಬರ ಬಾರಕೇರ ಅವರ ಎರಡನೇ ಆತ್ಮಕಥೆ ಬಂದ ವಾರ ಹುಬ್ಬಳ್ಳಿಯ ಪತ್ರಿಕೆಯೊಂದು ನಿಮ್ಮನ್ನು ಅಭಿಪ್ರಾಯ ಕೇಳಿತ್ತು. ಆ ತುಣುಕು ನಮ್ಮಲ್ಲಿ ಉಳಿದಿದೆ. "ನನ್ನ ಹೆಸರ ಇಲ್ಲಂತಲ್ರಿ ಅದ್ರಾಗ. ಛಲೋ ಆತು. ನಾ ಇಲ್ಲದ ಪುಸ್ತಕ ತೊಗೊಂಡು ನಾ ಏನ್ ಮಾಡ್ಲಿ? ಮೊದಲನೇದ್ರಾಗ ನನ್ನ ಮಾನ ಕಳದಿದ್ದ ಸಾಕ್ರಿ" ಎಂದು ನೀವು ಹೇಳಿದ್ದೀರಿ. ಆ ಹಟ ಬಿಟ್ಟು ಆ ಪುಸ್ತಕವನ್ನು ಓದಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ನಾನು ಯಾರು, ನನಗೇಕೆ ಈ ಉಸಾಬರಿ ಎಂದು ನೀವು ಕೇಳುವುದು ನ್ಯಾಯವೇ, ಆದ್ದರಿಂದ ಅದನ್ನೂ ಹೇಳುತ್ತೇನೆ.

ನನ್ನ ಹೆಸರು ಯಂಕವ್ವ, ಕೆಲಸ ಹೊಂದಿಸುವುದು. ನಿಮ್ಮ ಕಾಲದವರು ಬರೆದದ್ದು ವಿಪರೀತ. ಅದನ್ನೆಲ್ಲ ಇಡಲು ನಮ್ಮಲ್ಲಿ ಜಾಗವಿಲ್ಲ, ತಂಪೂ ಇಲ್ಲ. ಹೀಗಾಗಿ ಒಬ್ಬ ಮನುಷ್ಯ ತನ್ನ ಬದುಕಿನ ಬಗ್ಗೆ ಎರಡು ಪುಸ್ತಕ ಬರೆದಿದ್ದರೆ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಬರೆದು ಹಿರಿಯರ ಮುಂದಿಡುವುದು ನನ್ನ ಕೆಲಸ. ಅವರು ತೀರ್ಮಾನಿಸಿದ ಮೇಲೆ ಇನ್ನೊಂದನ್ನು ಅಳಿಸಿ, ಆ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ಬೆಳಿಗ್ಗೆ ಮಂಜುಬಲೆಯ ನೀರು ಹಿಡಿಯುತ್ತೇನೆ. ಅದು ಬಂಡೆಯ ಮೇಲೆ ಕಟ್ಟಿದ ದಾರದ ಬಲೆ, ರಾತ್ರಿಯ ತೇವವನ್ನು ಹಿಡಿದು ಹನಿಹನಿಯಾಗಿ ಕೆಳಗೆ ಬಿಡುತ್ತದೆ. ಸಜ್ಜೆ ರೊಟ್ಟಿ ಬಡಿದು, ಪಾಚಿ ಚಟ್ನಿಯ ಜೊತೆ ತಿಂದು, ಕೊಳವೆಯ ಕೆಳಗೆ ಚಾಪೆ ಹಾಕಿಕೊಂಡು ಕೂರುತ್ತೇನೆ. ಬೆಳಕು ಸರಿದಂತೆ ಚಾಪೆಯನ್ನೂ ಸರಿಸಿಕೊಳ್ಳುತ್ತೇನೆ. ಮೊದಲು ಇದೇ ಚಾಪೆಯ ಮೇಲೆ ಸೂಗಮ್ಮ ಕೂರುತ್ತಿದ್ದಳು, ನನ್ನ ಜೊತೆಗಾತಿ. ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಈಗ ಅವಳ ಜಾಗಕ್ಕೆ ಬಂದವರು ಒಳ್ಳೆಯ ಮನುಷ್ಯ, ಮರ್ಯಾದಸ್ಥರು. ಆದರೆ ನಾನು ನಕ್ಕರೆ ಏಕೆ ನಕ್ಕಿರಿ ಎಂದು ಕೇಳುತ್ತಾರೆ. ಹೇಳುವಷ್ಟರಲ್ಲಿ ನನಗೆ ನಗು ಹೋಗಿರುತ್ತದೆ. ಇತ್ತೀಚೆಗೆ ನಾನು ನಗುವುದು ಕಡಿಮೆ.

ಮೊದಲನೇ ಪುಸ್ತಕ "ನಾನೇ ಗದ್ದಲ" ನನಗೆ ಸುಲಭವಾಗಿ ಸಿಕ್ಕಿತು. ಚಿದಂಬರ ಅವರಿಗೆ ಆಗ ಮೂವತ್ತು ದಾಟಿತ್ತು ಅಷ್ಟೇ, ನಿಮ್ಮ ಲೂಪ್ ಲೈನ್ ಬ್ಯಾಂಡ್ ಒಡೆದು ವರ್ಷವೂ ಆಗಿರಲಿಲ್ಲ. ಎಂಥ ಜಂಭ, ಡೊರೀನ್ ಅವರೇ! ಕನ್ನಡದಲ್ಲಿ ರಾಕ್ ಸಂಗೀತ ಎಂಬುದು ತನ್ನ ಗಿಟಾರಿನಿಂದಲೇ ಉದುರಿತು ಅನ್ನುವ ಹಾಗೆ ಬರೆಯುತ್ತಾರೆ. ಆದರೂ ಆ ಪುಸ್ತಕಕ್ಕೆ ನಾನು ಋಣಿ, ಏಕೆಂದರೆ ಅದು ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ರೈಲ್ವೆ ಕಾಲೋನಿ ಎಂದರೇನು, ಲೂಪ್ ಲೈನ್ ಎಂದರೆ ದೊಡ್ಡ ಗಾಡಿ ದಾಟಲೆಂದು ಸಣ್ಣ ಗಾಡಿ ಕಾಯುತ್ತ ನಿಲ್ಲುವ ಪಕ್ಕದ ಹಳಿ, ಆಂಪ್ಲಿಫೈಯರ್ ಸುಟ್ಟರೆ ಎಂಥ ವಾಸನೆ, ಎಲ್ಲವೂ ಇದೆ. ನೀವೂ ಪುಟಪುಟದಲ್ಲಿದ್ದೀರಿ. ಎಂಜಿನ್ ಡ್ರೈವರ್ ಆಗಿದ್ದ ನಿಮ್ಮ ಆಸ್ಟಿನ್ ಮಾಮಾ ಗೋವಾದಿಂದ ತಂದ ಬೇಸ್ ಗಿಟಾರ್, ನಿಮ್ಮ ಟಿಫಿನ್ ಡಬ್ಬಿಯ ಮೀನಿನ ವಾಸನೆಗೆ ವ್ಯಾನಿನಿಂದ ಇಳಿದು ನಡೆದ ಡ್ರಮ್ಮರ್, "ನೀ ಹಾಡೂದಂದ್ರ ಶಂಟಿಂಗ್ ಎಂಜಿನ್ ಅತ್ತಂಗ ಆಕ್ಕತಿ" ಎಂದು ನೀವು ಅವರನ್ನು ಕೆಣಕಿದ್ದು. ಅವರು ನಿಮ್ಮನ್ನು ನಮ್ಮ ಬ್ರೇಕ್ ವ್ಯಾನು ಎಂದು ಕರೆದು, ಹಾಗೆಂದರೆ ಗಾಡಿಯ ಕಟ್ಟಕಡೆಗೆ ಗಾರ್ಡ್ ಕೂರುವ ಡಬ್ಬಿ ಎಂದು ಓದುಗರಿಗೆ ತಿಳಿಸಿ, ತಾವೇ ನಗುತ್ತಾರೆ. ಅದನ್ನು ಓದಿ ನನಗೆ ನಿಮ್ಮ ಪರವಾಗಿ ಸಿಟ್ಟು ಬಂತು.

ಎರಡನೇ ಪುಸ್ತಕ "ತಂತಿ ಇಳಿಸಿದ ಮೇಲೆ" ಎಪ್ಪತ್ತು ದಾಟಿದ ಮನುಷ್ಯ ಬರೆದದ್ದು, ತೆಳ್ಳಗಿದೆ. ಅದರಲ್ಲಿ ನೀವಿಲ್ಲ. ಹೆಸರಿಲ್ಲ, ಅಡ್ಡಹೆಸರಿಲ್ಲ, ಬೇಸ್ ನುಡಿಸುವ ಹೆಂಗಸೊಬ್ಬಳಿದ್ದಳು ಎಂಬ ಒಂದು ವಾಕ್ಯವೂ ಇಲ್ಲ. ನಿಮ್ಮ ಕಾಲದ ವಿಮರ್ಶಕರೊಬ್ಬರು ಇದನ್ನು ಮುದುಕರ ಗೊಣಗಾಟ ಎಂದು ತಳ್ಳಿಹಾಕಿದ್ದಾರೆ, ಮತ್ತು ನಾನು ಅವರನ್ನು ದೂರುವುದಿಲ್ಲ. ಏನನ್ನೂ ವಿವರಿಸದ ಪುಸ್ತಕ ಅದು. ಆ ಅಂಗಡಿ, ಆ ಸಲ, ಅವನ ಮದುವೆ ಎನ್ನುತ್ತ ಹೋಗುತ್ತದೆ. ಯಾವ ಅಂಗಡಿ, ಯಾರ ಮದುವೆ ಎಂದು ಕೇಳಿದರೆ ಉತ್ತರವಿಲ್ಲ. ನಾನು ಹಾಳೆಯ ಮೇಲೆ ಗೀಟು ಹಾಕಿ, ಹೊಂದದ ಕಡೆಗಳನ್ನು ಬರೆದುಕೊಳ್ಳುತ್ತ ಹೋದೆ.

ಟೋಪಿಯ ಪ್ರಸಂಗವನ್ನೇ ನೋಡಿ. ಮೊದಲ ಪುಸ್ತಕದಲ್ಲಿ ಅದು ಇಡೀ ಒಂದು ಅಧ್ಯಾಯ. ನೀವೆಲ್ಲ ಆಸ್ಟಿನ್ ಮಾಮಾನ ಗಾಡಿಯಲ್ಲಿ ಕಾರ್ಯಕ್ರಮಕ್ಕೆ ಹೊರಟದ್ದು, ಮಾಮಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಾಡಿದ್ದು, ಗದಗ ಸ್ಟೇಷನ್ ಹತ್ತಿರ ಟೋಪಿ ಗಾಳಿಗೆ ಹಾರಿ ಎಮ್ಮೆಯೊಂದರ ಕೋಡಿಗೆ ಸಿಕ್ಕಿಕೊಂಡದ್ದು. ಕೊನೆಗೆ ಒಂದು ಕುಟುಕು: "ಡೊರೀನ್ ಈಗಲೂ ಅದು ಅಣ್ಣಿಗೇರಿಯಲ್ಲಿ ಅನ್ನುತ್ತಾಳೆ. ಅವಳ ನೆನಪು ಅಷ್ಟಕ್ಕಷ್ಟೇ." ಎರಡನೇ ಪುಸ್ತಕದಲ್ಲಿ ಟೋಪಿಗೆ ಸಿಕ್ಕಿದ್ದು ಒಂದು ಸಾಲು. ಬಾವಿಯ ಕಟ್ಟೆ ರಿಪೇರಿಯ ವಿಷಯ ಬರೆಯುತ್ತಿದ್ದವರು ನಡುವೆ ಇದ್ದಕ್ಕಿದ್ದಂತೆ ಹೀಗೆನ್ನುತ್ತಾರೆ: "ಟೋಪಿ ಅಣ್ಣಿಗೇರಿಯಲ್ಲೇ ಹಾರಿದ್ದು. ಒಪ್ಪಿದೆ." ಅಷ್ಟೇ. ಮತ್ತೆ ಬಾವಿ. ಯಾರ ಟೋಪಿ ಎಂದು ಕೂಡ ಹೇಳುವುದಿಲ್ಲ. ನಾನು ಪಕ್ಕದಲ್ಲಿ, ಸ್ಥಳ ಹೊಂದುವುದಿಲ್ಲ ಎಂದು ಬರೆದು ಮುಂದೆ ಹೋದೆ.

ಬೆಳಗಾವಿಯ ಕಾಲೇಜಿನ ಪ್ರಸಂಗವೂ ಹಾಗೆಯೇ. ನೀವು ಬ್ಯಾಂಡ್ ಬಿಟ್ಟದ್ದು ಅಲ್ಲಿ. ಮೊದಲ ಪುಸ್ತಕದ ಪ್ರಕಾರ ಹಾಡಿನ ನಡುವೆ ಕರೆಂಟ್ ಹೋಯಿತು, ಗಿಟಾರುಗಳು ಸತ್ತವು, ಚಿದಂಬರ ಮಾತ್ರ ಕತ್ತಲೆಯಲ್ಲಿ ಬರಿಗಂಟಲಿನಲ್ಲಿ ಹಾಡಿದರು, ಮೈದಾನವೆಲ್ಲ ಅವರ ಜೊತೆ ಹಾಡಿತು. ನೀವು ಅವರ ಕಿವಿಯ ಹತ್ತಿರ ಬಂದು, "ನೀನ ಹಾಡ್ಕೋ ಇನ್ನ. ನಿನಗ ಯಾರೂ ಬೇಕಾಗಿಲ್ಲ" ಎಂದು ಇಳಿದು ಹೋದಿರಂತೆ. ಬೆಳಕು ಬಂದಾಗ ತಾನು ಚಪ್ಪಾಳೆಗೆ ಬಾಗುತ್ತಿದ್ದೆ, ಬ್ರೇಕ್ ವ್ಯಾನು ಕಳಚಿದ್ದು ಗೊತ್ತೇ ಆಗಲಿಲ್ಲ ಎಂದು ತಮಾಷೆಯಾಗಿ ಬರೆದು, ಇನ್ನೂ ಎಂಟು ಪುಟ ತಮ್ಮ ಗಂಟಲನ್ನು ಹೊಗಳಿಕೊಳ್ಳುತ್ತಾರೆ. ಎರಡನೇ ಪುಸ್ತಕದಲ್ಲಿ ಆ ಎಲ್ಲದರ ಬದಲಿಗೆ ಇರುವುದಿಷ್ಟು: "ಕರೆಂಟ್ ಬಂದ ಕೂಡಲೇ ನೋಡಿದೆ. ನೋಡಲಿಲ್ಲ ಎಂದು ಬರೆದದ್ದು ಸುಳ್ಳು." ಏನು ನೋಡಿದರು, ಯಾವ ಕಡೆ ನೋಡಿದರು, ಯಾವ ಊರು ಎಂಬುದಿಲ್ಲ. ಓದುಗ ಕೈ ಕೈ ಹಿಸುಕಿಕೊಳ್ಳಬೇಕು. ನಾನೂ ಹಿಸುಕಿಕೊಂಡೆ.

ಹೀಗೆ ಗೀಟು ಹಾಕುತ್ತಲೇ ಕದ ಹಾಕಿದ ತಿಂಗಳು ಬಂತು. ಹಿನ್ನೋಲೆಯ ವಿಷಯ ಈಗ ಹೇಳಬೇಕು. ನಮ್ಮ ಕೆಳಗಿನ ಅಂತಸ್ತಿನಲ್ಲಿ ಒಂದು ಸೀಳು ಇದೆ, ಅಜ್ಜಂದಿರ ಕಾಲದ ವಿಜ್ಞಾನಿಗಳು ಮಾಡಿಟ್ಟದ್ದು. ಅದರಲ್ಲಿ ಕಾಗದ ಇಳಿಬಿಟ್ಟರೆ ಬೆಚ್ಚಗಾಗುತ್ತದೆ, ಆಮೇಲೆ ಇರುವುದಿಲ್ಲ. ಹಿಂದಿನ ಕಾಲಕ್ಕೆ ಹೋಗುತ್ತದೆ ಎನ್ನುತ್ತಾರೆ. ಇಷ್ಟು ವರ್ಷ ದುಡಿದವರಿಗೆ ಬದುಕಿನಲ್ಲಿ ಒಮ್ಮೆ, ಒಂದೇ ಒಂದು ಕಾಗದ ಹಾಗೆ ಕಳಿಸುವ ಅವಕಾಶ ಕೊಡುತ್ತಾರೆ. ಅದೇ ಹಿನ್ನೋಲೆ. ತಲುಪಿದೆ ಎಂದು ಹೇಳಲು ಯಾವ ಉತ್ತರವೂ ಬಂದದ್ದಿಲ್ಲ. ಬಹಳ ಜನ ತಮ್ಮ ತಾಯಿಗೆ ಬರೆಯುತ್ತಾರೆ. ನಾನು ಸೂಗಮ್ಮನಿಗೆ, ಅವಳು ಇನ್ನೂ ಗಟ್ಟಿಯಾಗಿದ್ದ ವರ್ಷಕ್ಕೆ ಬರೆಯಬೇಕೆಂದಿದ್ದೆ. ಕೂತು ಬರೆದೆ ಕೂಡ. "ಸೂಗಮ್ಮ, ಕೊಡದ ಮುಚ್ಚಳ ಸಿಕ್ಕಿತು. ನೀನು ಅಂದ ಜಾಗದಲ್ಲೇ ಇತ್ತು, ಸೋತೆ. ಅವನು ಇನ್ನೂ ಹಾಗೇ ಕೆಮ್ಮುತ್ತಾನೆ. ನಾನೀಗ ಗೋಡೆಯ ಕಡೆ ಮಲಗುತ್ತೇನೆ." ಇಷ್ಟಕ್ಕೆ ಕೈ ನಿಂತಿತು, ಇನ್ನು ಹೇಳುವುದೇನೂ ಉಳಿದಿರಲಿಲ್ಲ. ಹೊಸ ಜೊತೆಗಾರರು ಹಾಳೆಯನ್ನು ನೋಡಿ, ಯಾವ ಮುಚ್ಚಳ, ಯಾರ ಕೆಮ್ಮು, ಇದರಲ್ಲಿ ನಿಮ್ಮ ಗೆಳತಿಯ ಬಗ್ಗೆ ಏನೂ ಇಲ್ಲವಲ್ಲ ಎಂದು ವಿನಯದಿಂದಲೇ ಕೇಳಿದರು.

ನನಗೆ ಕಣ್ಣು ತುಂಬಿ ಬಂತು. ನಾಚಿಕೆಯಿಲ್ಲದೆ ಅವರ ಮುಂದೆಯೇ ಅತ್ತೆ. ಆಮೇಲೆ ಎದ್ದು ಹೋಗಿ "ತಂತಿ ಇಳಿಸಿದ ಮೇಲೆ" ಪುಸ್ತಕವನ್ನು ಮೊದಲಿನಿಂದ ತೆರೆದೆ. ಒಪ್ಪಿದೆ ಎಂದು ಯಾರಾದರೂ ಸಾವಿರ ಜನ ಓದುಗರಿಗೆ ಹೇಳುತ್ತಾರೆಯೇ? ಜಗಳವಾಡಿದವರಿಗೆ ಹೇಳುತ್ತಾರೆ. ಎದುರಿಗೆ ಕೂತವರನ್ನು ಯಾರೂ ಹೆಸರು ಹಿಡಿದು ವರ್ಣಿಸುವುದಿಲ್ಲ, ಅವರ ಮಾಮಾ ಯಾರೆಂದು ಅವರಿಗೇ ತಿಳಿಸುವುದಿಲ್ಲ. ಮೊದಲ ಪುಸ್ತಕವನ್ನು ಅವರು ನಿಮ್ಮ ಬಗ್ಗೆ ಊರಿಗೆಲ್ಲ ಬರೆದಿದ್ದರು. ಎರಡನೆಯದನ್ನು ನಿಮಗೆ ಬರೆದಿದ್ದಾರೆ. ಊರಿನವರಿಗೆ ಅರ್ಥವಾದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂಬಂತೆ ಬರೆದಿದ್ದಾರೆ. ಇದು ನನ್ನ ಊಹೆ ಮಾತ್ರ ಇರಬಹುದು. ಆದರೆ ನಾನು ಊಹಿಸಿದ್ದನ್ನು ನೀವು ಓದಿದ ಮೊದಲ ಪುಟದಲ್ಲೇ ತಿಳಿಯುತ್ತೀರಿ.

ಹಿರಿಯರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಒಬ್ಬರೇ ಓದುಗರಿಗಾಗಿ ಬರೆದ ಪುಸ್ತಕ, ಆ ಓದುಗರು ಈಗಿಲ್ಲ, ಇಟ್ಟುಕೊಂಡು ಏನು ಮಾಡೋಣ ಎಂದರು. ಮೊದಲನೆಯದರಿಂದ ನಮ್ಮ ಮಕ್ಕಳಿಗೆ ರೈಲು, ಕರೆಂಟು, ಗಿಟಾರು ಎಲ್ಲ ತಿಳಿಯುತ್ತದೆ, ಅದೇ ಇರಲಿ ಎಂದು ತೀರ್ಮಾನವಾಯಿತು. ಅವರ ಮಾತು ತಪ್ಪೂ ಅಲ್ಲ. ತಿಂಗಳು ಮುಗಿದು ಕದ ತೆಗೆದ ದಿನ ಎರಡನೆಯದನ್ನು ಅಳಿಸುತ್ತಾರೆ. ನಮ್ಮ ಕಡೆಯಿಂದ ಅದರ ಕಥೆ ಮುಗಿಯಿತು. ಸೂಗಮ್ಮನ ಕಾಗದವನ್ನು ಮಡಿಚಿ ನನ್ನ ದಿಂಬಿನ ಕೆಳಗಿಟ್ಟುಕೊಂಡೆ. ಅವಳಿಗೆ ಅದನ್ನು ಓದದೆಯೂ ಗೊತ್ತಿರುತ್ತದೆ. ನಿಮಗೆ ಮಾತ್ರ ಗೊತ್ತಿಲ್ಲ. ಹಾಗಾಗಿ ನನ್ನ ಪಾಲಿನ ಹಿನ್ನೋಲೆ ನಿಮಗೆ ಬರುತ್ತಿದೆ. ಇದನ್ನು ಔದಾರ್ಯ ಎಂದುಕೊಳ್ಳಬೇಡಿ, ನನಗೆ ಹೊಟ್ಟೆಕಿಚ್ಚೂ ಇದೆ. ನಿಮಗಿನ್ನೂ ಅಂಥವರೊಬ್ಬರು ಬದುಕಿದ್ದಾರೆ, ಅದೇ ಊರಿನಲ್ಲಿ, ರಿಕ್ಷಾ ಹತ್ತಿದರೆ ಮುಟ್ಟುವಷ್ಟು ದೂರದಲ್ಲಿ. ಅಂಥದ್ದರಲ್ಲಿ ನೀವು ಪತ್ರಿಕೆಯವರ ಮುಂದೆ ಛಲೋ ಆತು ಅನ್ನುತ್ತೀರಿ.

ಪುಸ್ತಕ ಕೊಳ್ಳಿ. ಮೊದಲನೆಯದರಲ್ಲಿ ಅವರು ನಿಮ್ಮನ್ನು ನಾಲ್ಕು ಜನರ ಮುಂದೆ ಹಗುರ ಮಾಡಿದ್ದು ನಿಜ, ಅದನ್ನು ಮರೆಯಿರಿ ಎಂದು ಹೇಳಲು ನಾನು ಯಾರೂ ಅಲ್ಲ. ಓದಿ ಮುಗಿಸಿದ ಮೇಲೂ ಸಿಟ್ಟಿದ್ದರೆ ಅವರ ಮನೆಗೇ ಹೋಗಿ ಬೈದು ಬನ್ನಿ. ಬೈಯುವುದಾದರೆ ಹತ್ತಿರ ಕೂತು ಬೈಯಿರಿ. ಕೊನೆಯ ಅಧ್ಯಾಯದಲ್ಲಿ ಅವರೇ ಬರೆದಿರುವಂತೆ ಅವರ ಎರಡೂ ಕಿವಿ ಈಗ ಹೋಗಿವೆ, ಆ ಆಂಪ್ಲಿಫೈಯರುಗಳ ಪ್ರಸಾದ. ತಂತಿ ಮಿಡಿದರೆ ಬೆರಳಿಗೆ ತಿಳಿಯುತ್ತದೆಯಂತೆ, ಹಾಡು ಯಾವುದೆಂದು ತಿಳಿಯುವುದಿಲ್ಲವಂತೆ. ಅವರಿಗೆ ಏನು ಹೇಳಬೇಕಾದರೂ ಜನ ಬರೆದು ತೋರಿಸುತ್ತಾರೆ, ಉದ್ದುದ್ದ ಬರೆಯಬೇಕಾಗುತ್ತದೆ ಎಂದು ಬೇಸರಪಟ್ಟು ನಡುವೆಯೇ ಬಿಡುತ್ತಾರೆ.

ಎರಡನೇ ಪುಸ್ತಕ ಬಂದ ವರ್ಷದ ನಂತರ ನಿಮ್ಮಿಬ್ಬರ ಬಗ್ಗೆ ನಮ್ಮ ಬಳಿ ಒಂದು ತುಣುಕೂ ಇಲ್ಲ. ನೀವು ಹೋದಿರೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಬೆಳಕು ಚಾಪೆಯ ಅಂಚಿಗೆ ಬಂದಿದೆ, ಇದನ್ನು ಈಗ ಕೆಳಗೆ ಒಯ್ಯಬೇಕು. ಹೋಗಿ ಡೊರೀನ್ ಅವರೇ, ಅವರ ಎದುರಿಗೆ ಕೂತುಕೊಳ್ಳಿ. ನೀವು ಎರಡೇ ಪದ ಬರೆದರೂ ಅವರಿಗೆ ಪೂರ್ತಿ ತಿಳಿಯುತ್ತದೆ.

ಇತಿ,
ಯಂಕವ್ವ